ಕರೆಂಟು ಬಂದ ಮೇಲಿನ ಐದು ನಿಮಿಷ

ಮಲೆನಾಡಿನಲ್ಲಿ ಕರೆಂಟು ಹೋದರೆ ಯಾರೂ ಗಾಬರಿಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮಳೆಯಷ್ಟೇ ಮಾಮೂಲು. ಎಲ್ಲೋ ಒಂದು ಅಡಿಕೆ ಮರವೋ ಅಕೇಶಿಯಾ ಕೊಂಬೆಯೋ ತಂತಿಯ ಮೇಲೆ ಬಿದ್ದಿರುತ್ತದೆ. ಲೈನ್‌ಮನ್ ಕೊಪ್ಪೆ ಹಾಕಿಕೊಂಡು ಅದನ್ನು ಹುಡುಕುತ್ತ ಹೋಗಿರುತ್ತಾರೆ. ಮನೆಯವರು ಯುಪಿಎಸ್ಸಿನ ಬೆಳಕಿನಲ್ಲಿ ಊಟ ಮುಗಿಸಿ ಮಲಗುತ್ತಾರೆ. ಸಾಮಾನು ಸುಡುವುದು ಈ ಹೊತ್ತಿನಲ್ಲಲ್ಲ. ದೀಪ ಹೊತ್ತಿಕೊಂಡು, ಎಲ್ಲರೂ 'ಅಬ್ಬ, ಬಂತು' ಎನ್ನುತ್ತಾರಲ್ಲ, ಆಗ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ ನಮ್ಮ ಮನೆಯಲ್ಲಿ ಹಾಗೇ ಆಯಿತು. ಎರಡು ದಿನ ಇಲ್ಲದ ಕರೆಂಟು ರಾತ್ರಿ ಎಂಟೂವರೆಗೆ ಬಂತು. ದೇವರ ಕೋಣೆಯ ಹಳೆಯ ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯಿತು, ಹಜಾರದ ಫ್ಯಾನು ಎಂದೂ ಇಲ್ಲದ ವೇಗದಲ್ಲಿ ತಿರುಗಿತು. ಟೀವಿಯ ಹಿಂದೆ 'ಟಪ್' ಎಂದಿತು, ಸುಟ್ಟ ವಾಸನೆ ಹರಡಿತು. ನಾನು ಮೈನ್ ಸ್ವಿಚ್ಚಿನ ತನಕ ಓಡುವಷ್ಟರಲ್ಲಿ ಟೀವಿ, ಫ್ರಿಜ್ಜಿನ ಬೋರ್ಡು, ಇಂಟರ್‌ನೆಟ್ ಮೋಡೆಮ್, ಎರಡು ಚಾರ್ಜರು ಹೋಗಿಯಾಗಿತ್ತು. ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ದೀಪ ಕೆಂಡದಂತೆ ಮಂಕಾಗಿತ್ತಂತೆ. ಬೆಳಿಗ್ಗೆ ಲೈನ್‌ಮನ್ ಕಂಬ ಹತ್ತಿ, ಕಪ್ಪಗಾಗಿ ಬಿಟ್ಟುಕೊಂಡಿದ್ದ ಒಂದು ಜೋಡಣೆಯನ್ನು ತೋರಿಸಿ ಹೇಳಿದರು: "ನ್ಯೂಟ್ರಲ್ ಕಟ್ ಆಗಿದೆ ಅಣ್ಣಾ. ಹಿಂಗಾದ್ರೆ ಯಾವ ಸ್ಟೆಬಿಲೈಸರ್ ಇದ್ರೂ ನಿಲ್ಲಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಸ್ಟೆಬಿಲೈಸರ್ ಇತ್ತು, ಯುಪಿಎಸ್ ಇತ್ತು, ಟೀವಿಗೆ ಸ್ಪೈಕ್ ಗಾರ್ಡ್ ಇತ್ತು. ಮೂರಕ್ಕೂ ದುಡ್ಡು ಕೊಟ್ಟಿದ್ದೆವು. ಯಾವ ಪೆಟ್ಟಿಗೆ ಯಾವ ಏಟನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂದು ಅಂಗಡಿಯವರು ಹೇಳಲಿಲ್ಲ, ನಾವೂ ಕೇಳಿರಲಿಲ್ಲ.

ನ್ಯೂಟ್ರಲ್ ಕಥೆಯನ್ನು ಮೊದಲು ಹೇಳಬೇಕು, ಏಕೆಂದರೆ ಒಂದೇ ಏಟಿಗೆ ಮನೆಯ ಅರ್ಧ ಸಾಮಾನು ಸುಡುವುದು ಹೆಚ್ಚಾಗಿ ಇದರಿಂದಲೇ. ಊರಿನ ಟ್ರಾನ್ಸ್‌ಫಾರ್ಮರಿಗೆ, ಅಂದರೆ ಟಿಸಿಗೆ, 11,000 ವೋಲ್ಟು ಬರುತ್ತದೆ, ಅಲ್ಲಿಂದ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ. ಯಾವುದೇ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟು. ಎರಡು ಫೇಸ್‌ಗಳ ನಡುವೆ ಸುಮಾರು 400. ಸಿಂಗಲ್ ಫೇಸ್ ಮನೆಗೆ ಒಂದು ಫೇಸೂ ನ್ಯೂಟ್ರಲ್ಲೂ ಬರುತ್ತವೆ. ಪಕ್ಕದ ಮನೆಗೆ ಇನ್ನೊಂದು ಫೇಸ್ ಇರಬಹುದು, ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಟಿಸಿಗೂ ಮನೆಗಳಿಗೂ ನಡುವೆ ಎಲ್ಲಾದರೂ ಅದು ತುಂಡಾದರೆ ಎರಡು ಮನೆಗಳು ಒಂದರ ಹಿಂದೊಂದು ಪೋಣಿಸಿದಂತಾಗಿ, 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ಸಮವಾಗಿರುವುದಿಲ್ಲ. ಒಂದು ಮನೆಯಲ್ಲಿ 2000 ವಾಟಿನ ಗೀಸರ್ ಉರಿಯುತ್ತಿದೆ, ಇನ್ನೊಂದರಲ್ಲಿ ಎಲ್ಲ ಸೇರಿ 200 ವಾಟು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಗೀಸರ್ ಮನೆಗೆ ಸುಮಾರು 36 ವೋಲ್ಟು ಸಿಗುತ್ತದೆ, 200 ವಾಟಿನ ಮನೆಯ ಮೇಲೆ ಸುಮಾರು 364 ವೋಲ್ಟು ಬೀಳುತ್ತದೆ. ಕಡಿಮೆ ಕರೆಂಟು ಉರಿಸುವವರೇ ಹೆಚ್ಚು ನಷ್ಟ ಅನುಭವಿಸುತ್ತಾರೆ. ಪಕ್ಕದ ಮನೆಯಲ್ಲಿ ದೀಪ ಮಂಕಾಗಿದ್ದೂ ನಮ್ಮಲ್ಲಿ ಬೆಳ್ಳಗಾಗಿದ್ದೂ ಒಂದೇ ತುಂಡು ತಂತಿಯಿಂದ.

ಟೀವಿ, ಚಾರ್ಜರು, ಮೋಡೆಮ್, ಎಲ್‌ಇಡಿ ಬಲ್ಬು, ಈಚಿನ ವಾಷಿಂಗ್ ಮಷೀನು ಎಲ್ಲದರೊಳಗೂ ಕರೆಂಟನ್ನು ಮೊದಲು ಡಿಸಿಯಾಗಿ ತಿರುಗಿಸಿ ಒಂದು ಕೆಪಾಸಿಟರಿನಲ್ಲಿ ತುಂಬುವ ಏರ್ಪಾಡಿದೆ. 230 ವೋಲ್ಟಿನ ಅಲೆಯ ತುದಿ 325 ವೋಲ್ಟಿನವರೆಗೆ ಹೋಗುತ್ತದೆ, ಹಾಗಾಗಿ ಸಾಮಾನ್ಯವಾಗಿ 400 ಇಲ್ಲವೆ 450 ವೋಲ್ಟು ತಾಳುವ ಕೆಪಾಸಿಟರ್ ಹಾಕಿರುತ್ತಾರೆ. ಮನೆಗೆ 360 ವೋಲ್ಟು ಬಂದರೆ ಅಲೆಯ ತುದಿ 500 ದಾಟುತ್ತದೆ. ನಾನು ಕೇಳಿದ 'ಟಪ್' ಎಂಬ ಸದ್ದು ಅದೇ.

ಹಾಗೆ ನೋಡಿದರೆ ಕರ್ನಾಟಕಕ್ಕೆ ವಿದ್ಯುತ್ತು ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಮೇಲ್ಮಟ್ಟದ ಜಾಲವೂ ಈಗ ಗಟ್ಟಿಯಾಗಿದೆ. ದಕ್ಷಿಣದ ಗ್ರಿಡ್ಡಿನ ಫ್ರೀಕ್ವೆನ್ಸಿ 50 ಹರ್ಟ್ಸ್ ಇರಬೇಕಾದದ್ದು 48ರ ಆಸುಪಾಸಿಗೆ ಇಳಿಯುತ್ತಿದ್ದ ದಿನಗಳಿದ್ದವು. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್ ಕುಸಿದು 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿದ್ದಾಗ ನಮಗೆ ಬಿಸಿ ತಟ್ಟಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಆಗಿನ್ನೂ ಅದರೊಂದಿಗೆ ಒಂದೇ ತಾಳಕ್ಕೆ ಸೇರಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಇಡೀ ದೇಶವನ್ನು ಒಂದು ಗ್ರಿಡ್ಡಾಗಿ ಬೆಸೆಯಿತು. ಈಗ ಫ್ರೀಕ್ವೆನ್ಸಿಗೆ ಅಧಿಕೃತವಾಗಿ ಹಾಕಿಕೊಂಡಿರುವ ಎಲ್ಲೆ 49.90ರಿಂದ 50.05 ಹರ್ಟ್ಸ್. ಫ್ರೀಕ್ವೆನ್ಸಿಯಿಂದ ಇಂದು ಯಾರ ಮನೆಯ ಟೀವಿಯೂ ಸುಡುವುದಿಲ್ಲ. ತೊಂದರೆ ಇರುವುದು ಟಿಸಿಯಿಂದ ನಮ್ಮ ಮೀಟರಿನವರೆಗಿನ ಕೊನೆಯ ಅರ್ಧ ಕಿಲೋಮೀಟರಿನಲ್ಲಿ: ಹಳೆಯ ಅಲ್ಯೂಮಿನಿಯಂ ತಂತಿ, ಸಡಿಲ ಜೋಡಣೆ, ಮರದ ಕೊಂಬೆ, 63 ಕೆವಿಎ ಟಿಸಿಗೆ ತಗುಲಿಕೊಂಡ, ಅದು ತಾಳುವುದರ ಎರಡರಷ್ಟು ಮನೆ. ಮನೆಗೆ ಕೊಡುವ ವೋಲ್ಟೇಜು ಹೇಳಿದ್ದಕ್ಕಿಂತ ಶೇ 6ಕ್ಕಿಂತ ಹೆಚ್ಚು ಏರಿಳಿಯಬಾರದು ಎಂದು 1956ರ ವಿದ್ಯುತ್ ನಿಯಮಗಳಲ್ಲೇ ಬರೆದಿತ್ತು. 230ಕ್ಕೆ ಅದು 216ರಿಂದ 244. ನಿಮ್ಮ ಮನೆಯಲ್ಲಿ ಸಂಜೆ ಏಳಕ್ಕೂ ರಾತ್ರಿ ಎರಡಕ್ಕೂ ಒಮ್ಮೆ ಅಳೆದು ನೋಡಿ.

ರಾತ್ರಿ ಎರಡು ಎಂದದ್ದಕ್ಕೆ ಕಾರಣವಿದೆ. ಸಂಜೆ ಲೈನಿನ ಕೊನೆಯ ಮನೆಗಳಿಗೆ ಡಿಮ್ ಆಗುತ್ತದೆಂದು ವೋಲ್ಟೇಜನ್ನು ಮೊದಲೇ ತುಸು ಮೇಲಕ್ಕೆ ಇಟ್ಟಿರುತ್ತಾರೆ. ಎಲ್ಲರೂ ಮಲಗಿ ಲೋಡ್ ಇಳಿದಾಗ ಟಿಸಿಗೆ ಹತ್ತಿರದ ಮನೆಗಳಲ್ಲಿ ವೋಲ್ಟೇಜು 250 ದಾಟಬಹುದು. ಚಾರ್ಜರಿನ ಮೇಲೆ 100–240 ಎಂದು ಅಚ್ಚಾಗಿರುವುದನ್ನು ನೋಡಿ, ಇಡೀ ರಾತ್ರಿ ಅದಕ್ಕಿಂತ ಮೇಲೆ ಉರಿಯುವ ಸಾಮಾನಿನ ಆಯುಸ್ಸು ಸದ್ದಿಲ್ಲದೆ ಸವೆಯುತ್ತದೆ.

ಲೋ ವೋಲ್ಟೇಜಿನ ಕಥೆ ಬಯಲುಸೀಮೆಯವರಿಗೆ ಚೆನ್ನಾಗಿ ಗೊತ್ತು. ಹಳ್ಳಿಗೆ ಸಿಂಗಲ್ ಫೇಸ್ ಮಾತ್ರ ಬಿಟ್ಟ ಹೊತ್ತಿನಲ್ಲೂ ಕಂಡೆನ್ಸರ್ ಹಾಕಿ ಪಂಪ್‌ಸೆಟ್ ಓಡಿಸಿ, ಊರಿನ ದೀಪವೆಲ್ಲ ಮಿಣಮಿಣ ಎನ್ನುವಂತೆ ಆಗುತ್ತಿದ್ದ ವರ್ಷಗಳಿದ್ದವು. ಬತ್ತುತ್ತಿರುವ ಬಾವಿಯ ಮುಂದೆ ನಿಂತ ರೈತನನ್ನು ಅದಕ್ಕಾಗಿ ಬೈಯಲು ನನಗೆ ಮನಸ್ಸಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಮಾಡಿದ ಮೇಲೆ ಬಹಳಷ್ಟು ಹಳ್ಳಿಗಳು ಇದರಿಂದ ಪಾರಾದವು. ಲೋ ವೋಲ್ಟೇಜಿಗೆ ಹೆದರಬೇಕಾದದ್ದು ಮೋಟರುಗಳು: ಫ್ರಿಜ್ಜು, ಪಂಪು, ಗ್ರೈಂಡರ್. ವೋಲ್ಟೇಜು ಇಳಿದಷ್ಟೂ ಮೋಟರು ಹೆಚ್ಚು ಕರೆಂಟು ಎಳೆದು ಕಾದು ಕಾಯಿಲು ಸುಟ್ಟುಕೊಳ್ಳುತ್ತದೆ. ಟೀವಿಗೂ ಚಾರ್ಜರಿಗೂ ಅದರಿಂದ ಅಷ್ಟು ಕೆಡುಕಿಲ್ಲ.

ಈಗ ಕರೆಂಟು ಬಂದ ಮೇಲಿನ ಆ ಐದು ನಿಮಿಷಕ್ಕೆ ಬರೋಣ. ಫೀಡರ್ ಟ್ರಿಪ್ ಆದಾಗ ಸಬ್‌ಸ್ಟೇಷನ್ನಿನಲ್ಲಿ ಮತ್ತೆ ಹಾಕಿ ನೋಡುತ್ತಾರೆ. ತಂತಿಯ ಮೇಲೆ ಕೊಂಬೆ ಇನ್ನೂ ಇದ್ದರೆ ಮತ್ತೆ ಟ್ರಿಪ್ ಆಗುತ್ತದೆ. ಮನೆಯಲ್ಲಿ ಕೂತವರಿಗೆ ಕಾಣುವುದು ಬಂತು, ಹೋಯ್ತು, ಬಂತು, ಹೋಯ್ತು. ಪ್ರತಿ ಸಲವೂ ಊರಿನ ಎಲ್ಲ ಫ್ರಿಜ್ಜು, ಪಂಪು, ಬರಿದಾದ ಯುಪಿಎಸ್ ಬ್ಯಾಟರಿ ಒಟ್ಟಿಗೆ ಎಳೆಯುತ್ತವೆ. ಮೋಟರು ಹೊರಡುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಬೇಕು, ಆದ್ದರಿಂದ ವೋಲ್ಟೇಜು ಮೊದಲು ಕುಸಿದು, ಆಮೇಲೆ ನಿಧಾನಕ್ಕೆ ನಿಲ್ಲುತ್ತದೆ. ಎರಡು ದಿನ ನೆನೆದ, ಗಾಳಿಗೆ ಜಗ್ಗಿದ ಸಡಿಲ ಜೋಡಣೆಯೊಂದು ಕೊನೆಯುಸಿರು ಎಳೆಯುವುದೂ ಈ ಎಳೆತಕ್ಕೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಜನರೇಟರ್ ಇರುವುದರಿಂದ ಒಂದು ಸಲ ಕರೆಂಟು ಹೋದರೆ ಎರಡು ಬದಲಾವಣೆ: ಲೈನಿನಿಂದ ಜನರೇಟರಿಗೆ, ಜನರೇಟರಿನಿಂದ ಲೈನಿಗೆ.

ಫ್ರಿಜ್ಜಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. ಕಂಪ್ರೆಸರ್ ನಿಂತ ಕೂಡಲೆ ಒಳಗಿನ ಅನಿಲದ ಒತ್ತಡ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರುತ್ತದೆ. ಅದು ಸಮವಾಗಲು ಮೂರು ನಿಮಿಷದಷ್ಟು ಬೇಕು. ಅದಕ್ಕೂ ಮೊದಲೇ ಕರೆಂಟು ಬಂದರೆ ಕಂಪ್ರೆಸರ್ ತಿರುಗಲಾರದೆ ಗೊರಗೊರ ಎನ್ನುತ್ತ ಬಿಸಿಯಾಗುತ್ತದೆ. ಸ್ಟೆಬಿಲೈಸರಿನಲ್ಲಿ ಹಸಿರು ದೀಪ ಹೊತ್ತಲು ಮೂರು ನಿಮಿಷ ಹಿಡಿಯುವುದು ಇದಕ್ಕೇ. ಅದನ್ನು ಕೆಟ್ಟಿದೆ ಎಂದುಕೊಂಡು ಬಟನ್ ಒತ್ತಿ ಕೂಡಲೆ ಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಸ್ಟೆಬಿಲೈಸರಿನ ಉಳಿದ ಕೆಲಸ ಇಷ್ಟೇ: ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಮೇಲೆ ಕೆಳಗೆ ಮಾಡಿ 230ರ ಹತ್ತಿರ ತರುವುದು, ತನ್ನ ಮಿತಿ ದಾಟಿದರೆ ಕಟ್ ಮಾಡುವುದು. ಫ್ರಿಜ್ಜಿಗೆ, ಹಳೆಯ ಎಸಿಗೆ ಅದು ಬೇಕೇ ಬೇಕು. ಆದರೆ ಅದರ ಮಿತಿ 270–300 ವೋಲ್ಟಿನ ಆಸುಪಾಸಿಗೆ ಮುಗಿಯುತ್ತದೆ. 360 ಬಂದರೆ ಅದರ ಸ್ವಂತ ಬೋರ್ಡಿಗೇ ಅಪಾಯ. ಟೀವಿಗೆ ಸ್ಟೆಬಿಲೈಸರಿನಿಂದ ಹೆಚ್ಚಿನ ಲಾಭವಿಲ್ಲ.

ಯುಪಿಎಸ್ ವಿಷಯದಲ್ಲಿ ನಾವು ಹೆಚ್ಚು ತಪ್ಪು ತಿಳಿದಿದ್ದೇವೆ. ನಮ್ಮಲ್ಲಿ ಮನೆಯ ಇನ್ವರ್ಟರನ್ನೇ ಯುಪಿಎಸ್ ಎನ್ನುವ ರೂಢಿ. ಅದು ಕರೆಂಟು ಇರುವಷ್ಟು ಹೊತ್ತು ಲೈನಿನ ಕರೆಂಟನ್ನೇ ನೇರವಾಗಿ ಮನೆಗೆ ಬಿಡುತ್ತದೆ, ಸೋಸುವುದಿಲ್ಲ. ಬೆನ್ನಿನ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಯುಪಿಎಸ್ ಕಡೆ ಇಟ್ಟರೆ ವೋಲ್ಟೇಜು ಸುಮಾರು 180–260ರ ಒಳಗಿದ್ದಾಗ ಮಾತ್ರ ಲೈನನ್ನು ಒಪ್ಪಿಕೊಳ್ಳುತ್ತದೆ, ಇಲ್ಲವಾದರೆ ಬ್ಯಾಟರಿಗೆ ಹೋಗುತ್ತದೆ. ಇಕೋ ಕಡೆ ಇಟ್ಟರೆ 100ರಿಂದ 290ರವರೆಗೂ ಒಳಗೆ ಬಿಟ್ಟುಬಿಡುತ್ತದೆ. ಆ ಸ್ವಿಚ್ ಒಂದಿದೆ ಎಂದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಕಂಪ್ಯೂಟರಿನ ಮೇಲೆ ದುಡಿಯುವವರು, ಮನೆಯಲ್ಲಿ ಉಸಿರಾಟದ ಯಂತ್ರ ಇಟ್ಟುಕೊಂಡವರು ಆನ್‌ಲೈನ್ ಯುಪಿಎಸ್ ಎಂಬ ದುಬಾರಿ ಜಾತಿಯನ್ನು ನೋಡಬೇಕು. ಅದು ಕರೆಂಟನ್ನು ಡಿಸಿ ಮಾಡಿ, ಮತ್ತೆ ಹೊಸದಾಗಿ ಎಸಿ ಮಾಡಿ ಕೊಡುತ್ತದೆ.

ಸ್ಪೈಕ್ ಗಾರ್ಡ್ ಎಂದು ಮಾರುವ ಪಟ್ಟಿಗಳಲ್ಲಿ ಹಲವು ಬರೀ ಎಕ್ಸ್‌ಟೆನ್ಷನ್ ಬೋರ್ಡು. ನಿಜವಾದದ್ದರೊಳಗೆ ವ್ಯಾರಿಸ್ಟರ್ ಎಂಬ ಬಿಲ್ಲೆಯಂಥ ತುಣುಕಿರುತ್ತದೆ. ಮೈಕ್ರೋಸೆಕೆಂಡುಗಳಷ್ಟು ಹೊತ್ತು ಬರುವ ಏಟನ್ನು ಅದು ನುಂಗುತ್ತದೆ, ನುಂಗಿದಷ್ಟೂ ಸವೆಯುತ್ತದೆ. ನ್ಯೂಟ್ರಲ್ ಹೋಗಿ ನಿಮಿಷಗಟ್ಟಲೆ 360 ವೋಲ್ಟು ನಿಂತರೆ ಅದೇ ಹೊತ್ತಿ ಉರಿಯುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಂತೂ ಅದರ ಅರ್ಧ ಕೆಲಸ ನಡೆಯುವುದೇ ಇಲ್ಲ.

ನ್ಯೂಟ್ರಲ್ ಕಟ್ಟಿಗೆ ಮದ್ದು ಇನ್ನೊಂದು ಪೆಟ್ಟಿಗೆ. ಎಂಸಿಬಿಯ ಸಾಲಿನಲ್ಲೇ ಕೂರುವ ಹೈ–ಲೋ ವೋಲ್ಟೇಜ್ ಕಟಾಫ್. ವೋಲ್ಟೇಜು ನಾವು ಇಟ್ಟ ಮಿತಿಯ, ಅಂದರೆ 260–270ರ ಮೇಲೆ ಅಥವಾ 170–180ರ ಕೆಳಗೆ ಹೋದ ಕೂಡಲೆ ಇಡೀ ಮನೆಯನ್ನು ಕತ್ತರಿಸುತ್ತದೆ. ಸರಿಹೋದ ಮೇಲೆ ನಾವು ಹೇಳಿದಷ್ಟು ಹೊತ್ತು ಕಾದು ಮತ್ತೆ ಜೋಡಿಸುತ್ತದೆ. ಆ ಕಾಯುವ ಹೊತ್ತನ್ನು ಮೂರರಿಂದ ಐದು ನಿಮಿಷಕ್ಕೆ ಇಟ್ಟರೆ ಬಂತು–ಹೋಯ್ತು ಆಟದ ಏಟೂ ತಪ್ಪುತ್ತದೆ, ಕಂಪ್ರೆಸರೂ ಉಳಿಯುತ್ತದೆ. ಸಾಧಾರಣ ಮಿಕ್ಸಿಯ ಬೆಲೆಯೊಳಗೆ ಸಿಗುವ ಸಾಮಾನಿದು. ಮನೆಗೆ ಒಂದೇ ಒಂದು ಪೆಟ್ಟಿಗೆ ತರುವ ಶಕ್ತಿ ಇದ್ದರೆ ನಾನು ಇದನ್ನೇ ತನ್ನಿ ಎನ್ನುತ್ತೇನೆ. ಸುಟ್ಟ ನಂತರ ನಮ್ಮ ಮನೆಗೆ ಬಂದದ್ದೂ ಇದೇ. ಮೀಟರಿನ ಹತ್ತಿರದ ಕೆಲಸ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಮಾಡಿಸಿ.

ಸಿಡಿಲಿನ ಮುಂದೆ ಮಾತ್ರ ಈ ಯಾವ ಪೆಟ್ಟಿಗೆಯನ್ನೂ ನಂಬಬೇಡಿ. ನಮ್ಮಲ್ಲಿ ಗುಡುಗು ಸಿಡಿಲಿನ ಕಾಲ ಮುಖ್ಯವಾಗಿ ಮುಂಗಾರಿಗೆ ಮೊದಲಿನ ಏಪ್ರಿಲ್–ಮೇ ಮತ್ತು ಹಿಂಗಾರಿನ ಅಕ್ಟೋಬರ್. ಸ್ವಿಚ್ ಆರಿಸಿದರೆ ಸಾಲದು, ಅದರೊಳಗೆ ಬಿಡುವು ಕೆಲವೇ ಮಿಲಿಮೀಟರ್. ಸಿಡಿಲಿಗೆ ಅದು ಲೆಕ್ಕವಲ್ಲ. ಪ್ಲಗ್ಗನ್ನೇ ಕೀಳಬೇಕು. ಡಿಶ್ಶಿನ ಕೇಬಲ್ಲನ್ನೂ ತಾಮ್ರದ ಫೋನ್ ತಂತಿಯನ್ನೂ ಬಿಚ್ಚಬೇಕು, ಟೀವಿ ಮೋಡೆಮ್‌ಗಳು ಎಷ್ಟೋ ಸಲ ಆ ದಾರಿಯಿಂದಲೇ ಸುಡುತ್ತವೆ. ಇದನ್ನೆಲ್ಲ ಮೋಡ ಕವಿಯುವಾಗಲೇ ಮಾಡಿ, ಗುಡುಗು ತಲೆಯ ಮೇಲೆ ಬಂದ ಮೇಲೆ ಪ್ಲಗ್ಗು ತಂತಿ ಮುಟ್ಟಬೇಡಿ. ಎಷ್ಟು ಹತ್ತಿರ ಬಂದಿದೆ ಎಂದು ತಿಳಿಯಲು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ 'ದಾಮಿನಿ' ಆ್ಯಪ್ ಇವೆ.

ಅರ್ಥಿಂಗ್ ಬಗ್ಗೆ ಒಂದೆರಡು ಮಾತು ಹೆಚ್ಚಾದರೂ ಹೇಳಲೇಬೇಕು. ಮನೆ ಕಟ್ಟಿದಾಗ ಉಪ್ಪು ಇದ್ದಿಲು ತುಂಬಿ ಪೈಪು ಹೂತಿರುತ್ತಾರೆ, ಆಮೇಲೆ ಅದರ ಮೇಲೆ ಹೂವಿನ ಕುಂಡ ಬಂದು ಕೂರುತ್ತದೆ. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆ ಬಂದರೆ ಮಣ್ಣು ಒಣಗಿ ಅರ್ಥ್ ಸತ್ತೇ ಹೋಗುತ್ತದೆ. ಗುಂಡಿಗೆ ನೀರು ಹಾಕುವುದು, ಪೈಪಿಗೆ ತಂತಿ ಕಚ್ಚಿದ ಜಾಗವನ್ನು ವರ್ಷಕ್ಕೊಮ್ಮೆ ಬಿಗಿಸುವುದು ದೊಡ್ಡ ಕೆಲಸವಲ್ಲ. ಇದಕ್ಕಿಂತ ಭಯ ಹುಟ್ಟಿಸುವ ಒಂದು ರೂಢಿ ಹಳ್ಳಿಗಳಲ್ಲಿದೆ: ನ್ಯೂಟ್ರಲ್ ಬಾರದಿದ್ದಾಗ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಂಡು ದೀಪ ಉರಿಸುವುದು. ಆಗ ಗುಂಡಿಯ ಸುತ್ತಲ ನೆಲಕ್ಕೂ ಅರ್ಥ್ ತಗುಲಿದ ಫ್ರಿಜ್ಜಿನ ಮೈಗೂ ಕರೆಂಟು ಬರಬಹುದು. ಅಲ್ಲಿ ದನ ಬಂದು ನಿಲ್ಲುತ್ತದೆ, ಮಗು ಬಂದು ಮುಟ್ಟುತ್ತದೆ. ಹಾಗೆಯೇ ಜನರೇಟರನ್ನು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಪ್ಲಗ್ಗಿಗೆ ಸಿಕ್ಕಿಸುವುದು. ಆ 230 ವೋಲ್ಟು ಟಿಸಿಯಲ್ಲಿ ಹಿಂದುಮುಂದಾಗಿ 11,000 ಆಗಿ, ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದವರ ಜೀವ ತೆಗೆಯುತ್ತದೆ. ನಮ್ಮ ಟೀವಿ ಉಳಿಯಲಿ ಎಂದು ಬರೆಯುತ್ತಿರುವ ಈ ಲೇಖನದಲ್ಲಿ ಲೈನ್‌ಮನ್ ಉಳಿಯಲಿ ಎಂಬ ಮಾತು ಅದಕ್ಕಿಂತ ಮುಖ್ಯ.

ಆರ್‌ಸಿಸಿಬಿ ಇದೆಯಲ್ಲ ಎನ್ನುವವರಿದ್ದಾರೆ. ಅದು ಇರಲೇಬೇಕು, ಆದರೆ 30 ಮಿಲಿಆಂಪಿಯರ್ ಸೋರಿದರೆ ಕಟ್ ಆಗುವ ಅದು ಕಾಯುವುದು ಮನುಷ್ಯರನ್ನು. ವೋಲ್ಟೇಜು ಅದರ ಕಣ್ಣಿಗೆ ಬೀಳುವುದಿಲ್ಲ. ಚಾವಣಿಯ ಸೋಲಾರಿನ ಮೇಲೂ ಹೆಚ್ಚು ಭರವಸೆ ಬೇಡ: ಗ್ರಿಡ್ಡಿಗೆ ಸೇರಿಸಿದ ಸಾಮಾನ್ಯ ಇನ್ವರ್ಟರ್ ಲೈನಿನಲ್ಲಿ ಕರೆಂಟು ಹೋದ ಕೂಡಲೆ ತಾನೂ ನಿಲ್ಲುತ್ತದೆ, ಲೈನ್‌ಮನ್ ಸುರಕ್ಷತೆಗಾಗಿ ಅದು ಹಾಗೇ ಇರಬೇಕು.

ಸುಟ್ಟ ಮೇಲೆ ಪರಿಹಾರ? ಕಂಪನಿಯ ವಾರಂಟಿ ಕಾರ್ಡಿನಲ್ಲಿ ವೋಲ್ಟೇಜ್ ಏರಿಳಿತದಿಂದ ಆದ ಹಾನಿ ಸಾಮಾನ್ಯವಾಗಿ ಹೊರಗೆ. ಮನೆಯ ಬೆಂಕಿ ವಿಮೆಯಲ್ಲೂ ಶಾರ್ಟ್ ಸರ್ಕಿಟ್ಟಿನಂಥ ಕಾರಣಕ್ಕೆ ಸುಟ್ಟ ಆ ಯಂತ್ರವನ್ನೇ ಹೊರಗಿಡುವ ಷರತ್ತು ಸಾಮಾನ್ಯ, ಅದರಿಂದ ಬೇರೆಡೆ ಬೆಂಕಿ ಹಬ್ಬಿದರೆ ಮಾತು ಬೇರೆ. ವಿದ್ಯುತ್ ಕಂಪನಿಯ ವಿರುದ್ಧ ದೂರಲು 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಕೇಂದ್ರ ಸರ್ಕಾರ 2020ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳನ್ನೂ ತಂದಿದೆ. ಆದರೆ ಸಾಕ್ಷ್ಯವಿಲ್ಲದ ದೂರು ನಿಲ್ಲುವುದು ಕಷ್ಟ. ಘಟನೆ ನಡೆದ ರಾತ್ರಿಯೇ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಅದೇ ಲೈನಿನ ಮನೆಗಳವರು ಸೇರಿ ಸೆಕ್ಷನ್ ಆಫೀಸಿಗೆ ಲಿಖಿತವಾಗಿ ಕೊಡಿ, ಸುಟ್ಟ ಬೋರ್ಡಿನ ಫೋಟೊ, ರಿಪೇರಿಯವರ ಚೀಟಿ ಇಟ್ಟುಕೊಳ್ಳಿ. ನಾವು ಇದ್ಯಾವುದನ್ನೂ ಮಾಡಲಿಲ್ಲ. ಕಂಬ ಹತ್ತಿ ಮಳೆಯಲ್ಲಿ ನೆನೆದವರ ಮೇಲೆ ಕೂಗಾಡಿದೆವು, ಅವರ ಕೈಯಲ್ಲಿ ಹೊಸ ತಂತಿ ಕೊಡುವ ಅಧಿಕಾರ ಇರಲಿಲ್ಲ.

ಹಳೆಯ ಬಲ್ಬಿನ ಮಾತು ಇನ್ನೂ ಉಳಿದಿದೆ. ಫಿಲಮೆಂಟ್ ಬಲ್ಬು ವೋಲ್ಟೇಜನ್ನು ಕಣ್ಣಿಗೆ ತೋರಿಸುತ್ತಿತ್ತು. ಕೆಂಪಾದರೆ ಲೋ, ಬೆಳ್ಳಗಾದರೆ ಹೈ ಎಂದು ಅಜ್ಜಿಗೂ ತಿಳಿಯುತ್ತಿತ್ತು. ಒಳ್ಳೆಯ ಎಲ್‌ಇಡಿ ಬಲ್ಬು 160ರಲ್ಲೂ 260ರಲ್ಲೂ ಒಂದೇ ಬೆಳಕು ಕೊಡುವುದರಿಂದ ಆ ಎಚ್ಚರಿಕೆ ನಮ್ಮ ಮನೆಗಳಿಂದ ಹೋಯಿತು. ನಮ್ಮ ದೇವರ ಕೋಣೆಯಲ್ಲಿ ಒಂದನ್ನು ಈಗಲೂ ಬೇಕೆಂದೇ ಉಳಿಸಿಕೊಂಡಿದ್ದೇವೆ. ಬಲ್ಬು ಸಿಗದವರು ಮೀಟರ್ ಪಕ್ಕ ವೋಲ್ಟೇಜು ತೋರಿಸುವ ಸಣ್ಣ ಡಿಜಿಟಲ್ ಮೀಟರು ಹಾಕಿಸಬಹುದು.

ಮಳೆ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿಯನ್ನು ನೋಡಿ, ಕಪ್ಪಾದ ಜೋಡಣೆ ಕಂಡರೆ ಸೆಕ್ಷನ್ ಆಫೀಸಿಗೆ ಬರೆದು ಕೊಡಿ. ಕರೆಂಟು ಹೋದಾಗ ಫ್ರಿಜ್ಜು, ಟೀವಿ, ಪಂಪಿನ ಎಂಸಿಬಿ ಇಳಿಸಿ, ಒಂದು ದೀಪದ್ದನ್ನು ಮಾತ್ರ ಬಿಡಿ. ಕರೆಂಟು ಬಂದ ಮೇಲೆ ಆ ದೀಪವನ್ನೋ ಮೀಟರನ್ನೋ ನೋಡುತ್ತ ಐದು ನಿಮಿಷ ಕಾಯಿರಿ, ನಿಂತಿದೆ ಎನಿಸಿದ ಮೇಲೆ ಒಂದೊಂದಾಗಿ ಏರಿಸಿ.